ಅರವತ್ತನೆಯ ಹೆಂಗಸು

ಬೆಳಿಗ್ಗೆ ಆರೂಮುಕ್ಕಾಲಿಗೆ ಗರುಡಾಚಾರ್‌ಪಾಳ್ಯದ ಸುಭದ್ರಮ್ಮ ಫೋನು ಮಾಡಿ, ತಾವು ದಪ್ಪ ಇಲ್ಲ ಎಂಬ ವಿಷಯವನ್ನು ಶರಣಬಸವನಿಗೆ ತಿಳಿಸಿದರು.

"ಎಲ್ಲಾ ಯೋಚ್ನೆ ಮಾಡ್ದೆ ಸಾರ್. ಕನ್ನಡಿ ಮುಂದೆ ನಿಂತ್ಕೊಂಡು ಹಿಂದೆ ಮುಂದೆ ನೋಡ್ಕೊಂಡೆ. ನಾನು ಅಷ್ಟೇನೂ ದಪ್ಪ ಇಲ್ಲ ಅನ್ನಿಸ್ತು. ನಮ್ಮ ಯಜಮಾನ್ರೂ ಹಂಗೇ ಅಂದ್ರು."

"ಅಮ್ಮಾ, ಮೊನ್ನೆ ನೀವೇ ತೂಕ ನೋಡ್ಕೊಂಡ್ರಲ್ಲ, ಎಂಬತ್ತೊಂದು..."

"ನಿಮ್ಮ ಮಿಷನ್ನೇ ಸರಿ ಇಲ್ಲ ಸಾರ್," ಎಂದು ಸುಭದ್ರಮ್ಮ ಫೋನಿಟ್ಟರು.

ಶರಣಬಸವ ಹೊದಿಕೆಯನ್ನು ಭುಜಕ್ಕೆಳೆದುಕೊಂಡು ಹಾಸಿಗೆಯ ಮೇಲೆ ಹಾಗೇ ಕೂತ. ಸುಭದ್ರಮ್ಮ ಬರೀ ಸುಭದ್ರಮ್ಮ ಆಗಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವರು ಅರವತ್ತನೆಯವರಾಗಿದ್ದರು.

ಇಂದಿರಾನಗರದ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಅವನದು ಗುತ್ತಿಗೆಯ ಕೆಲಸ. ಗ್ರೀನ್ ಟೀ ಎಲೆಯಿಂದ ತೆಗೆದ ಸತ್ವಕ್ಕೆ ಹೆಂಗಸರ ಬೊಜ್ಜು ಕರಗಿಸುವ ಶಕ್ತಿ ಇದೆಯೋ ಇಲ್ಲವೋ ಎಂದು ಆ ಕೇಂದ್ರ ಪರೀಕ್ಷೆ ಮಾಡುತ್ತಿತ್ತು; ಶಿವಾಜಿನಗರದ ಇನ್ನೊಂದು ಕೇಂದ್ರದಲ್ಲೂ ಅದೇ ಪರೀಕ್ಷೆ ನಡೆಯುತ್ತಿತ್ತು. ಒಂದೊಂದು ಕೇಂದ್ರಕ್ಕೂ ಅರವತ್ತು ಹೆಂಗಸರು, ಮೂರು ತಿಂಗಳು. ಅರ್ಧ ಜನಕ್ಕೆ ಸತ್ವ ತುಂಬಿದ ಕ್ಯಾಪ್ಸೂಲು, ಇನ್ನರ್ಧ ಜನಕ್ಕೆ ನೋಡಲು ಥೇಟ್ ಹಾಗೇ ಇರುವ ಡಮ್ಮಿ ಕ್ಯಾಪ್ಸೂಲು. ಯಾರಿಗೆ ಯಾವುದು ಸಿಕ್ಕಿದೆ ಎಂದು ಹೆಂಗಸರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಶರಣಬಸವನಿಗಂತೂ ಗೊತ್ತೇ ಇಲ್ಲ. ಅವನ ಕೆಲಸ ಹೆಂಗಸರನ್ನು ಹುಡುಕಿ ಒಪ್ಪಿಸಿ ಕರೆತರುವುದು.

ಶಹಾಪುರದ ಕಡೆಯಿಂದ ಬಂದ, ಹೆಣ್ಣುಮಕ್ಕಳ ಮುಖ ನೋಡಿ ಮಾತಾಡಲು ನಾಚುವ ಇಪ್ಪತ್ತೊಂಬತ್ತರ ಹುಡುಗ ಗುರುತಿಲ್ಲದ ಹೆಂಗಸರ ಬಳಿ ಹೋಗಿ 'ನೀವು ದಪ್ಪ ಇದ್ದೀರಿ, ಬನ್ನಿ' ಎನ್ನುವುದು ಬರಿಗೈಯಲ್ಲಿ ಜೇನುಗೂಡು ಬಿಚ್ಚಿದಂತೆ. ಮೊದಲ ವಾರವೇ ಒಬ್ಬರು ಪೊರಕೆ ಎತ್ತಿದ್ದರು. ಆಮೇಲೆ ಅವನು 'ದಪ್ಪ' ಎಂಬ ಶಬ್ದವನ್ನೇ ಬಾಯಿಂದ ತೆಗೆದುಹಾಕಿ 'ಮೈ ತುಂಬಿಕೊಂಡವರು', 'ಲಕ್ಷಣವಾಗಿರೋರು', 'ಅನುಕೂಲವಾದ ಮೈಕಟ್ಟು' ಎಂದೆಲ್ಲ ಹೇಳಲು ಕಲಿತಿದ್ದ. ಹಾಗೆ ಹೇಳೀ ಹೇಳೀ ನಾಲ್ಕು ತಿಂಗಳಲ್ಲಿ ಐವತ್ತೊಂಬತ್ತು ಜನರನ್ನು ಸೇರಿಸಿದ್ದ. ಇವತ್ತು ಸಂಜೆ ಐದಕ್ಕೆ ಸೇರ್ಪಡೆ ಮುಗಿಯುತ್ತದೆ. ಅಷ್ಟರೊಳಗೆ ಅರವತ್ತಾಗದಿದ್ದರೆ ಇಂದಿರಾನಗರದ ಕೇಂದ್ರದಲ್ಲಿ ಪರೀಕ್ಷೆಯೇ ರದ್ದು, ಅದರ ಜೊತೆಗೆ ಶರಣಬಸವನ ಕೆಲಸವೂ.

ಅವನು ಬಾಡಿಗೆಗಿದ್ದದ್ದು ರಾಮಮೂರ್ತಿ ನಗರದ ಒಂದು ಮನೆಯ ಮೊದಲ ಮಹಡಿಯ ಕೋಣೆಯಲ್ಲಿ. ಕೋಣೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸುಭದ್ರಮ್ಮನ ಫೋನು ಹೇಗೆ ಬಂತೋ ದೇವರಿಗೇ ಗೊತ್ತು. ಮೆಟ್ಟಿಲ ಮೇಲೆ ಬಂದು ನಿಂತು, ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ ಸೆಕ್ಯುರಿಟಿಯಾಗಿದ್ದ ತನ್ನೂರ ಗೆಳೆಯ ಭೀಮುವಿಗೆ ಫೋನು ಹಚ್ಚಿದ.

"ಭೀಮು, ಒಬ್ಬಳು ಹೆಂಗಸು ಬೇಕೋ. ಅರ್ಜೆಂಟು... ಕೇಳ್ತಿದ್ಯಾ? ಹೆಂಗಸು! ಇವತ್ತು ಸಂಜೆ ಐದರೊಳಗೆ! ವಯಸ್ಸು ಎಷ್ಟಾದ್ರೂ ಇರ್ಲಿ, ಇಪ್ಪತ್ತರಿಂದ ಅರವತ್ತರವರೆಗೂ ನಡೆಯತ್ತೆ. ಮೈ ಮಾತ್ರ ತುಂಬ್ಕೊಂಡಿರ್ಬೇಕು... ಏನು? ಮದ್ವೆ ಆಗಿದ್ರೂ ಪರವಾಗಿಲ್ಲಪ್ಪ. ಗಂಡ ಒಪ್ಪಿದ್ರೆ ಇನ್ನೂ ಒಳ್ಳೇದು. ಮೂರೇ ತಿಂಗಳು. ಆಮೇಲೆ ಅವ್ರ ಪಾಡು ಅವ್ರಿಗೆ, ನಮ್ಮ ಪಾಡು ನಮ್ಗೆ."

ಕೆಳಗೆ ಅಂಗಳದಲ್ಲಿ ಮನೆಯ ಒಡತಿ ಮುನಿವೆಂಕಟಮ್ಮ ರಂಗೋಲಿ ಹಾಕುತ್ತಿದ್ದರು. ಅವರ ಕೈಬೆರಳ ಸಂದಿನಿಂದ ಪುಡಿ ಒಂದೇ ಕಡೆ ಸುರಿದು, ಕಮಲದ ಜಾಗದಲ್ಲಿ ಸುಣ್ಣದ ಗುಡ್ಡೆ ಎದ್ದಿತು.

ಮುನಿವೆಂಕಟಮ್ಮನಿಗೆ ಈ ಹುಡುಗ ಮೆಡಿಕಲ್ ಲೈನಿನಲ್ಲಿದ್ದಾನೆ ಎಂಬುದಷ್ಟೇ ಗೊತ್ತಿತ್ತು. ಎರಡು ವರ್ಷದಿಂದ ಇದ್ದಾನೆ, ಬೀಡಿಯಿಲ್ಲ, ಸಿಗರೇಟಿಲ್ಲ, ತಲೆ ಎತ್ತಿ ನೋಡಿದವನಲ್ಲ. ಅಂಥವನ ಬಾಯಲ್ಲಿ ಇಂಥ ಮಾತು! ವಯಸ್ಸಿಗೆ ಸರಿಯಾಗಿ ಮದುವೆ ಮಾಡದಿದ್ದರೆ ಹುಡುಗರಿಗೆ ಹೀಗೇ ತಲೆ ಕೆಡುವುದು ಎಂದು ಅವರಿಗೆ ಮೊದಲು ಸಿಟ್ಟೂ ಆಮೇಲೆ ಕನಿಕರವೂ ಬಂದವು.

ಶರಣಬಸವ ಅವರನ್ನು ಗಮನಿಸಲೇ ಇಲ್ಲ. ಸೀದಾ ಎದುರು ಸಾಲಿನ ಪೀರಮ್ಮನ ಮನೆಗೆ ಹೋದ. ಪೀರಮ್ಮ ಸುರಪುರದ ಕಡೆಯವಳು, ಗಾರೆ ಮೇಸ್ತ್ರಿ ಚಂದ್ರಾಮಪ್ಪನ ಹೆಂಡತಿ. ಪರವೂರಿನಲ್ಲಿ ತಮ್ಮ ಕಡೆಯ ಮಾತಾಡುವವಳೆಂದು ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅವಳು ಬಾಗಿಲನ್ನು ಪೂರ್ತಿ ತುಂಬಿದ್ದಳು. ಇಷ್ಟು ದಿನ ಇವಳು ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂದು ಅವನಿಗೆ ಹಳಹಳಿಯಾಯಿತು.

"ಅಕ್ಕಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ತೂಕ ಎಷ್ಟದ?"

"ಯಾಕ್ರಿ ತಮ್ಮಾ, ನನ್ನ ಮಾರವ್ರೇನು?"

ಅವನು ವಿಷಯ ಹೇಳಿದ. ಪೀರಮ್ಮ ಸಿಟ್ಟಾಗಲಿಲ್ಲ. ಮೂರು ತಿಂಗಳು ದೊಡ್ಡ ಡಾಕ್ಟರಮ್ಮ ವಾರವಾರವೂ ನೋಡುತ್ತಾರೆಂದರೆ ಯಾರಿಗೆ ಬೇಡ? ಮೊರವನ್ನು ಬದಿಗಿಟ್ಟು ಎದ್ದೇ ನಿಂತಳು. ಎದ್ದವಳು ಮತ್ತೆ ಕೂತು, ಅವನನ್ನು ಹತ್ತಿರ ಕರೆದು ಪಿಸುಗುಟ್ಟಿದಳು: "ಹೊಟ್ಟಿಯಾಗ ಕೂಸದರಿ. ಮೂರು ತಿಂಗಳಾತು. ಏನೂ ತೊಂದ್ರಿ ಇಲ್ಲಲ್ಲ?"

"ಬಸುರಾ? ಮೂರು ತಿಂಗಳಾ?" ಶರಣಬಸವನ ನಿರಾಸೆ ಓಣಿಗೆಲ್ಲ ಕೇಳಿಸಿತು. "ಹಂಗಾರ ಆಗಂಗಿಲ್ಲ ಬಿಡ್ರಿ ಅಕ್ಕಾ! ನನ್ನ ಕೆಲ್ಸ ಎಲ್ಲಾ ಕೆಟ್ಟುಹೋಯ್ತು!"

ಬಚ್ಚಲಿನ ತಗಡಿನ ಬಾಗಿಲು ದಡಾರನೆ ತೆರೆಯಿತು. ಮೈತುಂಬ ಸೋಪು ಮೆತ್ತಿಕೊಂಡು, ಸೊಂಟಕ್ಕೆ ಟವೆಲ್ ಸುತ್ತಿಕೊಂಡ ಚಂದ್ರಾಮಪ್ಪ ಹೊರಬಂದ. ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಕೇಳಿದ ಸುದ್ದಿ. ಅವನು ಮೊದಲು ಹೆಂಡತಿಯನ್ನು ನೋಡಿ ಹಲ್ಲು ಕಿರಿದ, ಆಮೇಲೆ ಶರಣಬಸವನನ್ನು ಅಪ್ಪಿಕೊಂಡು ಅವನ ಇಸ್ತ್ರಿ ಅಂಗಿಗೆಲ್ಲ ಸೋಪು ಬಳಿದ, ಆಮೇಲೆ ಇದ್ದಕ್ಕಿದ್ದಂತೆ ಕೈ ಸಡಿಲಿಸಿ ಕೇಳಿದ:

"ಅಲ್ರೀ, ನನಗಿಂತ ಮೊದ್ಲ ನಿಮಗ ಹ್ಯಾಂಗ ಗೊತ್ತಾತು? ಮತ್ತ ನಿಮ್ಮ ಕೆಲ್ಸ ಯಾಕ ಕೆಟ್ಟಿತು?"

ಉತ್ತರ ಹೇಳಲು ಹೊರಟರೆ ದಿನವೆಲ್ಲ ಬೇಕು. ಪೀರಮ್ಮನೇ ಹೇಳುತ್ತಾಳೆಂದು ಶರಣಬಸವ ಅಲ್ಲಿಂದ ಕಾಲು ಕಿತ್ತ. ಎದುರು ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದ ಮುನಿವೆಂಕಟಮ್ಮ, ಗಂಡನಿರುವ ಹೆಂಗಸನ್ನೂ ಬಿಡಲಿಲ್ಲವಲ್ಲ ಎಂದು ಎದೆ ಮುಟ್ಟಿಕೊಂಡರು. ಇನ್ನು ತಡಮಾಡಿದರೆ ತಮ್ಮ ಮನೆಯ ಮರ್ಯಾದೆ ಹೋಗುತ್ತದೆ. ಒಳಗೆ ಹೋಗಿ, ಆವಲಹಳ್ಳಿಯಲ್ಲಿದ್ದ ತಮ್ಮ ಶ್ರೀರಾಮಪ್ಪನಿಗೆ ಫೋನು ಮಾಡಿದರು.

ಶರಣಬಸವ ಮಹದೇವಪುರಕ್ಕೆ ಹೋಗಿ ಭೀಮುವನ್ನು ಹಿಡಿದ. ಭೀಮು ಹೆಚ್ಚು ಯೋಚಿಸುವವನಲ್ಲ. "ಜಿಮ್ ಹತ್ರ ನಿಂತ್ಕೊ ಮಗಾ. ತೂಕ ಇಳಿಸ್ಬೇಕು ಅನ್ನೋರೇ ಅಲ್ವಾ ಅಲ್ಲಿಗ್ ಬರೋದು?" ಎಂದ. ಮಾತು ಸರಿಯೆನಿಸಿತು. ಶರಣಬಸವ ಒಂದು ಜಿಮ್ಮಿನ ಮುಂದೆ ಕರಪತ್ರ ಹಿಡಿದು ನಿಂತ. ಒಳಗೆ ಹೋಗುವವರೆಲ್ಲ ಬೆಂಡೆಕಾಯಿಯಂತೆ ಸಪೂರ, ಒಬ್ಬರಿಗೂ ಕೊಡುವಂತಿಲ್ಲ. ಒಂದೂವರೆ ತಾಸಾದ ಮೇಲೆ ಕೊನೆಗೊಬ್ಬರು ಕಾರಿನಿಂದ ಇಳಿದರು. ಜೀವ ಬಂದಂತಾಗಿ ಅವನು ಓಡಿಹೋಗಿ, "ಮೇಡಂ, ನಿಮ್ಮಂಥವರನ್ನೇ ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ," ಎಂದ.

ಆಕೆ ಆ ಜಿಮ್ಮಿನ ಮಾಲೀಕರ ಹೆಂಡತಿ. ಮಾಲೀಕರ ತೋಳು ಶರಣಬಸವನ ತೊಡೆಗಿಂತ ದಪ್ಪ. ಭೀಮು ನಡುವೆ ಬಂದು ಬಿಡಿಸಿದ್ದರಿಂದ ಕರಪತ್ರಗಳು ಹರಿದವೇ ಹೊರತು ಶರಣಬಸವನಿಗೆ ಏನೂ ಆಗಲಿಲ್ಲ.

ಮಧ್ಯಾಹ್ನ ಎರಡಾಯಿತು. ಫುಟ್‌ಪಾತಿನ ಮೇಲೆ ಕೂತು, ಊರಿಗೆ ವಾಪಸು ಹೋದರೆ ಅವ್ವನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಾಗ ಮುನಿವೆಂಕಟಮ್ಮನ ಫೋನು ಬಂತು.

"ಎಲ್ಲಿದ್ದೀಯಪ್ಪಾ? ಬೇಗ ಬಾ. ಬೆಳಿಗ್ಗೆ ಏನೋ ಹುಡುಕ್ತಿದ್ದೆಯಲ್ಲ, ಅಂಥದ್ದೇ ಸಿಕ್ಕೈತೆ."

"ನಿಜವಾಗ್ಲೂ ಅಮ್ಮಾ? ನಿಮಗೆ ಹೆಂಗೆ ಗೊತ್ತಾಯ್ತು?"

"ನಂಗೆಲ್ಲಾ ಗೊತ್ತು. ಮೈ ತುಂಬ್ಕೊಂಡೇ ಇದ್ದಾಳೆ. ನೀನು ಬಾ ಮೊದ್ಲು."

ಶರಣಬಸವನಿಗೆ ಕಣ್ಣಲ್ಲಿ ನೀರು ಬಂತು. ಬಾಡಿಗೆದಾರನ ಕಷ್ಟವನ್ನು ಇಷ್ಟು ಹಚ್ಚಿಕೊಳ್ಳುವ ಮನೆಯೊಡತಿ ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಸಿಗುತ್ತಾರೆ?

ಮುನಿವೆಂಕಟಮ್ಮನ ನಡುಮನೆಯಲ್ಲಿ ಚಾಪೆ ಹಾಸಿತ್ತು. ಕೇಸರಿಬಾತಿನ ಘಮ. ಕುರ್ಚಿಯ ಮೇಲೆ ಗರಿಗರಿ ಬಿಳಿ ಅಂಗಿಯ ಶ್ರೀರಾಮಪ್ಪ; ಪಕ್ಕದಲ್ಲಿ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದ, ದುಂಡುಮುಖದ ಅವರ ಮಗಳು ಪ್ರಿಯದರ್ಶಿನಿ. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸದಲ್ಲಿದ್ದವಳನ್ನು ಅರ್ಧ ದಿನ ರಜೆ ಹಾಕಿಸಿ ಕರೆಸಿದ್ದರು. "ದಪ್ಪ ಇರೋ ಹುಡುಗೀನೇ ಬೇಕು ಅಂತಿದ್ದಾನೆ ಹುಡುಗ, ಅದೂ ಇವತ್ತೇ. ಕುಲಗಿಲದ ಮಾತು ಆಮೇಲೆ ಆಡ್ಕೊಳ್ಳಾಣ, ಮೊದ್ಲು ಕೈತಪ್ಪದಂಗೆ ನೋಡ್ಕೋ," ಎಂದು ಅಕ್ಕ ಹೇಳಿದ ಮೇಲೆ ಶ್ರೀರಾಮಪ್ಪ ಹಸುವಿಗೆ ಹುಲ್ಲು ಹಾಕುವುದನ್ನೂ ಬಿಟ್ಟು ಓಡಿಬಂದಿದ್ದರು.

ಶರಣಬಸವ ಹುಡುಗಿಯನ್ನು ನೋಡಿದ. ಮುಖವನ್ನಲ್ಲ, ಅಂದಾಜಿನಲ್ಲಿ ಎತ್ತರವನ್ನೂ ತೂಕವನ್ನೂ ನೋಡಿದ. ಅವನ ಮುಖ ಅರಳಿತು. ಶ್ರೀರಾಮಪ್ಪ ಅಕ್ಕನ ಕಡೆ ನೋಡಿ ಕಣ್ಣು ಮಿಟುಕಿಸಿದರು.

"ವಯಸ್ಸೆಷ್ಟು ಸಾರ್?" ಚೀಲದಿಂದ ಫಾರಂ ತೆಗೆಯುತ್ತ ಶರಣಬಸವ ಕೇಳಿದ.

"ಇಪ್ಪತ್ತೇಳು ತುಂಬೈತೆ."

"ಎತ್ತರ?"

"ಐದಡಿ ಎರಡಂಗುಲ."

"ತೂಕ?"

ಶ್ರೀರಾಮಪ್ಪ ಮಗಳ ಕಡೆ ನೋಡಿದರು. ಹಿಂದಿನ ನಾಲ್ಕು ಸಂಬಂಧಗಳೂ ಈ ಪ್ರಶ್ನೆಗೇ ಮುರಿದಿದ್ದವು. "ಅರವತ್ತು... ಇರಬೌದು."

"ಬರೀ ಅರವತ್ತಾ?" ಶರಣಬಸವನ ಮುಖ ಬಾಡಿತು.

"ಎಪ್ಪತ್ನಾಲ್ಕು," ಎಂದಳು ಪ್ರಿಯದರ್ಶಿನಿ.

"ಎಪ್ಪತ್ನಾಲ್ಕು! ತುಂಬಾ ಒಳ್ಳೇದಾಯ್ತು!" ಎಂದು ಅವನು ಬರೆದುಕೊಂಡ. ತಮ್ಮ ಮಗಳ ತೂಕ ಕೇಳಿ ಇಷ್ಟು ಸಂತೋಷಪಟ್ಟ ಗಂಡನ್ನು ಶ್ರೀರಾಮಪ್ಪ ಕಂಡಿರಲಿಲ್ಲ. "ಶುಗರ್, ಬಿಪಿ, ಥೈರಾಯ್ಡ್ ಏನಾದ್ರೂ? ಇಲ್ಲ ತಾನೇ? ಎರಡು ಟ್ಯೂಬು ರಕ್ತ ತೆಗೀತಾರೆ, ಹೆದರ್ಕೋಬೇಡಿ."

"ರಕ್ತಾನಾ?"

"ಎಲ್ಲರಿಗೂ ತೆಗೆಯೋದೇ ಸಾರ್."

"ನಮ್ಮ ಕಾಲದಾಗೆ ಜಾತಕ ನೋಡೋರು, ಈಗಿನವ್ರು ರಕ್ತ ನೋಡ್ತಾರೆ," ಎಂದು ಶ್ರೀರಾಮಪ್ಪ ಸಮಾಧಾನ ಮಾಡಿಕೊಂಡರು. "ಅದೂ ಒಳ್ಳೇದೇ ಅನ್ನಿ."

"ಇನ್ನೊಂದು ಮುಖ್ಯವಾದ್ದು," ಶರಣಬಸವ ತಲೆ ತಗ್ಗಿಸಿ ಫಾರಂ ಓದಿದ. "ಇವತ್ತಿಂದ ಮೂರು ತಿಂಗಳು ಇವರು ಗರ್ಭಿಣಿ ಆಗೋ ಹಾಗಿಲ್ಲ."

ಮುನಿವೆಂಕಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಶ್ರೀರಾಮಪ್ಪ ನಿಧಾನವಾಗಿ ಹೇಳಿದರು: "ಹೆಂಗಾಗ್ತಾಳೆ ಸ್ವಾಮಿ? ಈಗ ಆಷಾಢ. ಶ್ರಾವಣದಾಗೆ ಮುಹೂರ್ತ ಸಿಕ್ಕಿದ್ರೂ..."

"ಮೂರು ತಿಂಗಳಾದ ಮೇಲೆ ನಮ್ಮ ಅಭ್ಯಂತರ ಏನೂ ಇಲ್ಲ."

"ಬುದ್ಧಿವಂತರು ನೀವು. ಮುಂದಾಲೋಚನೆ ಇದೆ."

"ದಿನಾ ಎರಡು ಮಾತ್ರೆ ಕೊಡ್ತೀವಿ. ಅದು ನಿಜವಾದದ್ದೋ ಡಮ್ಮಿಯೋ ಅಂತ ಮಾತ್ರ ಕೇಳ್ಬಾರ್ದು. ನನಗೂ ಗೊತ್ತಿರಲ್ಲ." ಶರಣಬಸವ ಪೆನ್ನಿನ ಮುಚ್ಚಳ ತೆಗೆದು, ಕೃತಜ್ಞತೆಯಿಂದ ತುಂಬಿದ ದನಿಯಲ್ಲಿ ಹೇಳಿದ: "ನೀವು ಇವತ್ತು ನನ್ನ ಮರ್ಯಾದೆ ಉಳಿಸಿದ್ರಿ ಸಾರ್. ಐವತ್ತೊಂಬತ್ತು ಜನ ಆಗಲೇ ನನ್ನ ಹತ್ರ ಇದ್ದಾರೆ. ನಿಮ್ಮ ಮಗಳು ಬಂದ್ರೆ ಅರವತ್ತು ಪೂರ್ತಿ ಆಗತ್ತೆ."

ಶ್ರೀರಾಮಪ್ಪ ಕುರ್ಚಿಯಿಂದ ಎದ್ದ ರಭಸಕ್ಕೆ ಕೇಸರಿಬಾತಿನ ತಟ್ಟೆ ಉರುಳಿತು.

"ಐವತ್ತೊಂಬತ್ತು ಜನಾನಾ? ಏನಕ್ಕಾ ಇದು? ಎಂಥಾ ಮನೆಹಾಳನ್ನ ತೋರಿಸ್ದೆ ನಂಗೆ?" ಎಂದು ಅವರು ಶರಣಬಸವನ ಕೊರಳಪಟ್ಟಿ ಹಿಡಿದರು. ಬೆಳಿಗ್ಗೆ ಸೋಪು, ಮಧ್ಯಾಹ್ನ ಜಿಮ್ಮು ಕಂಡಿದ್ದ ಆ ಅಂಗಿಯ ಒಂದು ಗುಂಡಿ ಈಗ ಹಾರಿಹೋಯಿತು.

"ಸಾರ್, ಎಲ್ಲಾರೂ ಖುಷಿಯಿಂದಾನೇ ಬಂದಿದ್ದಾರೆ! ಎಲ್ಲರ ಸಹೀನೂ ಇದೆ!"

"ಸಹಿ ಬೇರೆ ಹಾಕಿಸ್ಕೊಂಡಿದ್ದೀಯೇನೋ?"

ಆಗ ಯಾರೋ ಜೋರಾಗಿ ನಗುವುದು ಕೇಳಿಸಿತು. ಪ್ರಿಯದರ್ಶಿನಿ ನೆಲಕ್ಕೆ ಬಿದ್ದ ಫಾರಮ್ಮನ್ನು ಎತ್ತಿಕೊಂಡು ಓದುತ್ತ, ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು.

"ಅಪ್ಪಾ, ಬಿಡು ಅವ್ರನ್ನ. ಅವ್ರು ಹೆಣ್ಣು ನೋಡಕ್ಕೆ ಬಂದಿಲ್ಲ. ಇದು ಗ್ರೀನ್ ಟೀದು. ಆಸ್ಪತ್ರೆ ಟ್ರಯಲ್ಲು."

ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಶರಣಬಸವನಿಗೆ ತಾನು ಅರಿಯದೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತಿದ್ದೆನೆಂದು ಗೊತ್ತಾಗಿ ಕಿವಿಯೆಲ್ಲ ಬಿಸಿಯಾಯಿತು. ಶ್ರೀರಾಮಪ್ಪನಿಗೆ ಅರ್ಧ ತಿಳಿಯಿತು. ಮುನಿವೆಂಕಟಮ್ಮನಿಗೆ ತಿಳಿದರೂ ತಿಳಿಯದಂತೆಯೇ ಇರುವುದು ಲೇಸೆನಿಸಿತು. ಕ್ಷಮೆ ಕೇಳಿ ಹೊರಡಲು ಎದ್ದವನನ್ನು ಪ್ರಿಯದರ್ಶಿನಿಯೇ ನಿಲ್ಲಿಸಿದಳು.

"ಟೈಮೆಷ್ಟಿದೆ ನಿಮ್ಗೆ?"

"ಐದರವರೆಗೆ. ಈಗ ಮೂರೂವರೆ."

"ನಾನು ಬರ್ತೀನಿ ನಡೀರಿ." ಅವಳು ಮಲ್ಲಿಗೆ ದಂಡೆಯನ್ನು ಕಿತ್ತು ಅತ್ತೆಯ ಕೈಗಿಟ್ಟಳು. "ಆರು ವರ್ಷದಿಂದ ಜೀರಿಗೆ ನೀರು, ಹುರುಳಿಕಾಳು, ಬಾಳೆದಿಂಡು ಅಂತ ಯಾರ್ಯಾರು ಏನೇನು ಹೇಳಿದ್ರೋ ಎಲ್ಲಾ ತಿಂದಿದ್ದೀನಿ. ಯಾವ್ದನ್ನೂ ಯಾರೂ ತೂಕ ಹಾಕಿ, ಲೆಕ್ಕ ಇಟ್ಟು ನೋಡಿಲ್ಲ. ಇಲ್ಲಾದ್ರೂ ಸರಿಯಾಗಿ ನೋಡ್ತಾರಲ್ಲ. ಮತ್ತೆ, ದಪ್ಪ ಇದ್ದೀನಿ ಅಂತ ನನ್ನ ಬೇಕು ಅಂದವ್ರು ಇವ್ರೇ ಮೊದಲ್ನೇವ್ರು."

ಕೊನೆಯ ಮಾತಿಗೆ ಶರಣಬಸವನ ಕಿವಿ ಮತ್ತೊಮ್ಮೆ ಬಿಸಿಯಾಯಿತು.

ಆಟೋದಲ್ಲಿ ಮುನಿವೆಂಕಟಮ್ಮ ಇಬ್ಬರ ನಡುವೆ ಕೂತರು. ಶ್ರೀರಾಮಪ್ಪ ಹಿಂದಿನಿಂದ ಸ್ಕೂಟರಿನಲ್ಲಿ ಬಂದರು. ಟಿನ್ ಫ್ಯಾಕ್ಟರಿಯ ಹತ್ತಿರ ಗಾಡಿಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ನಿಂತಿದ್ದವು. ಶರಣಬಸವ ಗಡಿಯಾರ ನೋಡಿ ಉಗುರು ಕಚ್ಚಿದ. ಪ್ರಿಯದರ್ಶಿನಿ ಅತ್ತೆಯ ಬೆನ್ನ ಹಿಂದಿನಿಂದ ಬಗ್ಗಿ ಪ್ರಶ್ನೆ ಕೇಳುತ್ತಲೇ ಇದ್ದಳು. ಲಿವರಿಗೆ ತೊಂದರೆಯಾದರೆ ಮೊದಲೇ ಗೊತ್ತಾಗುತ್ತದೆಯೇ? ಅದಕ್ಕೇ ಅಲ್ಲವೇ ರಕ್ತ? ಕ್ಯಾಪ್ಸೂಲು ಒಂದು ದಿನ ಮರೆತರೆ? ಐವತ್ತೊಂಬತ್ತು ಜನ ಏನೂ ಕೇಳದೆ ಸಹಿ ಹಾಕಿದ್ದರು. ಇವಳು ಕೇಳುವುದನ್ನು ಕೇಳಿ ಅವನಿಗೆ ತನ್ನ ಕೆಲಸದ ಮೇಲೆ ಮೊದಲ ಸಲ ಗೌರವ ಬಂತು.

"ವಾರವಾರ ಚೆಕಪ್ಪಿಗೆ ಬಂದಾಗ ನೀವೇ ಇರ್ತೀರಾ?" ಎಂದು ಅವಳು ಕೊನೆಗೆ ಕೇಳಿದಳು.

"ಹೂಂ. ನಾನೇ."

"ಹಂಗಾದ್ರೆ ಸರಿ," ಎಂದು ನಕ್ಕಳು.

ಆ ನಗು ಶರಣಬಸವನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಟಿನ್ ಫ್ಯಾಕ್ಟರಿಯಿಂದ ಇಂದಿರಾನಗರದವರೆಗೂ ಅವನು ಗಡಿಯಾರವನ್ನು ಮತ್ತೆ ನೋಡಲಿಲ್ಲ. ಹಂಗಾದ್ರೆ ಸರಿ ಅಂದಳಲ್ಲ, ಏನು ಸರಿ? ಯಾರು ಇದ್ದರೂ ಸರಿ ಅನ್ನಲಿಲ್ಲ, ತಾನಿದ್ದರೆ ಸರಿ ಅಂದಳು. ಅವ್ವ ಬೆಂಗಳೂರಿನ ಸೊಸೆಯನ್ನು ಒಪ್ಪುತ್ತಾಳೆಯೇ? ಇವಳಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತದೆಯೇ? ಬರದಿದ್ದರೆ ತಾನೇ ಬಡಿದರಾಯಿತು.

ಕೇಂದ್ರ ತಲುಪಿದಾಗ ನಾಲ್ಕೂ ಮೂವತ್ತೈದು. ಡಾಕ್ಟರ್ ಮಾಹಿರಾ ರಿಜಿಸ್ಟರ್ ತೆರೆದಿಟ್ಟುಕೊಂಡು ಕೂತಿದ್ದರು. ಅವರು ಕಾಗದದಲ್ಲಿ ಒಂದು ಚುಕ್ಕೆ ತಪ್ಪಿದರೂ ಸಹಿಸುವವರಲ್ಲ. ತೂಕ ಎಪ್ಪತ್ನಾಲ್ಕು ಕಾಲು. ಎತ್ತರ ಸರಿ. ಸೊಂಟದ ಸುತ್ತಳತೆ ಸರಿ. ಬಿಪಿ ಸರಿ. ಪ್ರಿಯದರ್ಶಿನಿ ಒಪ್ಪಿಗೆ ಪತ್ರದ ಒಂಬತ್ತೂ ಪುಟ ಓದಿ, ಎರಡು ಅಕ್ಷರದೋಷ ತೋರಿಸಿ, ಸಹಿ ಮಾಡಿದಳು.

"ವೆರಿ ಗುಡ್," ಎಂದರು ಡಾಕ್ಟರ್ ಮಾಹಿರಾ. "ಲಾಸ್ಟ್ ಪೇಜು. ಪಾರ್ಟಿಸಿಪೆಂಟಿಗೂ ನಮ್ಮ ಸ್ಟಾಫಿಗೂ ಏನಾದ್ರೂ ರಿಲೇಶನ್ ಇದ್ಯಾ? ಇಲ್ಲ ತಾನೇ?"

"ಇಲ್ಲ ಅಂದ್ರೆ ಹೆಂಗಮ್ಮಾ?" ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಮ್ಮ ಬಾಯಿ ಹಾಕಿದರು. "ಹೆಣ್ಣು ನೋಡೋ ಶಾಸ್ತ್ರ ಆಗೈತೆ. ಕೇಸರಿಬಾತು ಕೊಟ್ಟೀವಿ."

ಡಾಕ್ಟರ್ ಪೆನ್ನನ್ನು ಮೇಜಿನ ಮೇಲಿಟ್ಟರು.

"ವಾಟ್ ಈಸ್ ದಿಸ್, ಶರಣಬಸವ? ಸ್ಟಾಫ್ ಮದ್ವೆ ಆಗೋ ಹುಡುಗೀನ ಟ್ರಯಲ್ಲಿಗ್ ಸೇರ್ಸಕ್ಕಾಗಲ್ಲ. ರೂಲ್ ಇಸ್ ರೂಲ್. ಇವ್ರು ಹೇಳ್ತಿರೋದು ನಿಜಾನಾ ಸುಳ್ಳಾ? ಸುಳ್ಳಾದ್ರೆ ಇಲ್ಲಿ ಸೈನ್ ಮಾಡು: ಈ ಹುಡುಗಿಗೂ ನಂಗೂ ಮದ್ವೆ ಸಂಬಂಧ ಇಲ್ಲ, ಆ ಥರದ್ ಯೋಚ್ನೇನೂ ಇಲ್ಲ ಅಂತ."

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ. ಶರಣಬಸವ ಪೆನ್ನು ತೆಗೆದುಕೊಂಡ. ಒಂದು ಸಹಿ. ಹಾಕಿದರೆ ಅರವತ್ತು ಆಯಿತು, ಕೆಲಸ ಉಳಿಯಿತು. ಅವನು ಪ್ರಿಯದರ್ಶಿನಿಯ ಕಡೆ ನೋಡಿದ. ಅವಳು ತುಟಿ ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಏನೋ ಬೇಡಿಕೆ ಇತ್ತು. ಹುಟ್ಟಿದಾಗಿನಿಂದ ಯಾವ ಹೆಣ್ಣೂ ತನ್ನನ್ನು ಹಾಗೆ ನೋಡಿರಲಿಲ್ಲ. ಆ ಥರದ ಯೋಚನೆಯೇ ಇಲ್ಲ ಎಂದು ಅವಳ ಎದುರಿಗೇ ಹೇಗೆ ಬರೆಯುವುದು? ಬರೆದರೆ ಅದು ಸುಳ್ಳಲ್ಲವೇ?

ಅವನು ಪೆನ್ನನ್ನು ಕೆಳಗಿಟ್ಟ.

"ಆಗಲ್ಲ ಮೇಡಂ," ಎಂದ. ತನ್ನ ದನಿ ಇಷ್ಟು ಗಟ್ಟಿಯಾಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ. "ಯೋಚ್ನೆ ಇಲ್ಲ ಅಂತ ಬರ್ಕೊಡಕ್ಕಾಗಲ್ಲ. ಯೋಚ್ನೆ ಇದೆ."

ಮುನಿವೆಂಕಟಮ್ಮ ದೇವರಿಗೆ ಕೈ ಮುಗಿದರು. ಶ್ರೀರಾಮಪ್ಪ ಬೆಳಿಗ್ಗೆಯಿಂದ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟರು. ಡಾಕ್ಟರ್ ಮಾಹಿರಾ ಪ್ರಿಯದರ್ಶಿನಿಯ ಫಾರಮ್ಮಿನ ಮೇಲೆ ಅಡ್ಡಗೆರೆ ಎಳೆದರು.

"ಏನ್ರೀ ಮಾಡ್ಬಿಟ್ರಿ?" ಎಂದಳು ಪ್ರಿಯದರ್ಶಿನಿ.

ಶರಣಬಸವ ನಾಚಿ ನೆಲ ನೋಡಿದ. "ಕೆಲ್ಸ ಹೋದ್ರೆ ಹೋಗ್ಲಿ ಬಿಡಿ. ನಿಮಗಿಂತ ದೊಡ್ಡದಾ?"

"ನಾನು ನಿಮ್ಮನ್ನ ಮದ್ವೆ ಆಗ್ತೀನಿ ಅಂತ ಯಾವಾಗ ಹೇಳ್ದೆ?"

"ಅಲ್ಲ, ಆಟೋದಲ್ಲಿ... ಹಂಗಾದ್ರೆ ಸರಿ ಅಂದ್ರಿ."

"ಪ್ರತಿ ಸಲ ಬೇರೆಬೇರೆಯವ್ರು ಅಳತೆ ತಗೊಂಡ್ರೆ ವ್ಯತ್ಯಾಸ ಬರತ್ತೆ. ಒಬ್ರೇ ತಗೊಂಡ್ರೆ ಸರಿ ಅಂದೆ. ನಮ್ಮ ಲ್ಯಾಬಲ್ಲೂ ಹಂಗೇ ಮಾಡೋದು."

"ಮತ್ತೆ ಈಗ ಹಂಗೆ ನೋಡ್ತಿದ್ರಲ್ಲ?"

"ಸೈನ್ ಮಾಡ್ರೀ, ಟೈಮಾಯ್ತು ಅಂತ ನೋಡ್ತಿದ್ದೆ!" ಅವಳ ಕಣ್ಣಲ್ಲಿ ನೀರಾಡಿತು. "ಮೂರು ತಿಂಗಳು ಸರಿಯಾಗಿ ಟೆಸ್ಟ್ ಮಾಡ್ತಾರೆ ಅಂತ ಎಷ್ಟು ಆಸೆಯಿಂದ ಬಂದಿದ್ದೆ ಗೊತ್ತಾ ನಿಮ್ಗೆ?"

ಮನೆಯವರೆಲ್ಲ ಟ್ರಯಲ್ಲನ್ನು ಮದುವೆ ಎಂದುಕೊಂಡರೆಂದು ಮಧ್ಯಾಹ್ನವಷ್ಟೇ ನಾಚಿದ್ದವನು, ಕೊನೆಗೆ ತಾನೂ ಹಾಗೇ ಅಂದುಕೊಂಡಿದ್ದ. ಶರಣಬಸವ ಪೆನ್ನನ್ನು ಮತ್ತೆ ಎತ್ತಿಕೊಂಡು, "ಮೇಡಂ, ಯೋಚ್ನೆ ಇಲ್ಲ. ಈಗ ಇಲ್ಲ. ಸೈನ್ ಮಾಡ್ತೀನಿ," ಎಂದ.

"ಟೂ ಲೇಟ್," ಎಂದರು ಡಾಕ್ಟರ್. "ನೀನೇ ಬಾಯಾರೆ ಹೇಳಿದ್ಯಲ್ಲ." ಐದಕ್ಕೆ ಸರಿಯಾಗಿ ಅವರು ರಿಜಿಸ್ಟರ್ ಮುಚ್ಚಿದರು. ಆ ಐವತ್ತೊಂಬತ್ತು ಜನರನ್ನೂ ನಾಳೆಯಿಂದ ಶಿವಾಜಿನಗರದ ಕೇಂದ್ರ ನೋಡಿಕೊಳ್ಳುತ್ತದೆ, ಶರಣಬಸವ ತಿಂಗಳ ಕೊನೆಯವರೆಗೆ ಬಂದರೆ ಸಾಕು ಎಂದರು.

ಪ್ರಿಯದರ್ಶಿನಿ ಕಣ್ಣೊರೆಸಿಕೊಂಡು ತಲೆಯೆತ್ತಿದಳು. "ಡಾಕ್ಟರ್, ಶಿವಾಜಿನಗರದಲ್ಲಿ ಇನ್ನೂ ಸೇರ್ಸ್ಕೊಳ್ತಿದ್ದಾರಾ?"

"ಅವ್ರ ಡೇಟ್ ನಾಳೆವರ್ಗೂ ಇದೆ. ಅವ್ರ ಸ್ವಂತ ಲಿಸ್ಟಲ್ಲೂ ಒಬ್ರು ಕಮ್ಮಿ ಇದ್ದಾರಂತೆ. ಆ ಸ್ಟಾಫ್ ಯಾರೂ ನಿಮ್ಗೆ ರಿಲೇಶನ್ ಅಲ್ವಲ್ಲ? ಹೋಗಿ. ಅಮರಪ್ಪ ಅಂತ ಕೋಆರ್ಡಿನೇಟರ್ ಇದ್ದಾನೆ. ಶರಣಬಸವ, ಅಡ್ರೆಸ್ ಬರ್ಕೊಡು."

ಶರಣಬಸವ ಚೀಟಿಯ ಮೇಲೆ ವಿಳಾಸ ಬರೆದ. ಅಮರಪ್ಪನ ನಂಬರನ್ನೂ ಬರೆದ. ಆಮೇಲೆ, ನಾಲ್ಕು ತಿಂಗಳಿಂದ ಯಾರು ಮೊದಲು ಅರವತ್ತು ಮುಟ್ಟುತ್ತಾರೆಂದು ತನ್ನ ಜೊತೆ ಪೈಪೋಟಿಗೆ ಬಿದ್ದಿದ್ದ ಆ ಅಮರಪ್ಪನಿಗೆ ತಾನೇ ಫೋನು ಮಾಡಿ, ಇಪ್ಪತ್ತೇಳು ವರ್ಷ, ಐದಡಿ ಎರಡಂಗುಲ, ಎಪ್ಪತ್ನಾಲ್ಕು ಕಾಲು ಕೆಜಿ ಎಂದು ಒಪ್ಪಿಸಿದ. ಆ ಕಡೆಯಿಂದ ಅಮರಪ್ಪ ಕುಣಿದಾಡುವುದು ಈ ಕಡೆ ಎಲ್ಲರಿಗೂ ಕೇಳಿಸಿತು.

ಪ್ರಿಯದರ್ಶಿನಿ ಚೀಟಿ ತೆಗೆದುಕೊಂಡು, "ಥ್ಯಾಂಕ್ಸ್ ಕಣ್ರೀ. ನಿಮ್ಮ ಮೇಲೆ ಬೇಜಾರಿಲ್ಲ," ಎಂದು ಹೇಳಿ ಆಟೋ ಹತ್ತಿದಳು. ಶ್ರೀರಾಮಪ್ಪ ಸ್ಕೂಟರಿಗೆ ಒದ್ದರು. ಮುನಿವೆಂಕಟಮ್ಮ ಮಾತ್ರ ಒಂದು ಕಾಲು ಆಟೋದೊಳಗಿಟ್ಟವರು ಇಳಿದು, ಗೇಟಿಗೆ ಒರಗಿ ನಿಂತಿದ್ದ ಶರಣಬಸವನ ಹತ್ತಿರ ವಾಪಸು ಬಂದರು. ಒಳ್ಳೆಯ ಹೆಂಗಸು, ಸಮಾಧಾನದ ಮಾತು ಹೇಳಲು ಬಂದರೆಂದುಕೊಂಡು ಅವನು ನೆಟ್ಟಗೆ ನಿಂತ.

ಅವರು ಅತ್ತ ಇತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಆ ಅಮರಪ್ಪ ಅನ್ನೋ ಹುಡುಗಂಗೆ ಮದ್ವೆ ಆಗೈತೇನಪ್ಪಾ?"